ಸಹಾಯ ಬೇಕು: ಎತ್ತಿಪೋತ ಜಲಪಾತಕ್ಕ ಈಗ ಹೋಗಬಹುದೇನ್ರಿ?

ಅಣ್ಣಾರ, ಅಕ್ಕಾರ, ಬರೋ ಭಾನುವಾರ ಕಲಬುರಗಿಯಿಂದ ಎಂಟು ಮಂದಿ ಚಿಂಚೋಳಿ ಕಡಿ ಎತ್ತಿಪೋತಕ್ಕ ಹೊಂಟೀವಿ. ಇಬ್ಬರು ಸಣ್ಣ ಹುಡುಗರು ಅದಾರ. ಗಾಡಿ ಎಲ್ಲಿತನಕ ಹೋಗ್ತದ? ಅರಣ್ಯ ಇಲಾಖೆ ಪರವಾನಗಿ ಮೊದಲೇ ತಗೋಬೇಕೇನು?

ಅಂಜಿಕಿ ಇರೋದು ಪಾಚಿದು. ನೀರಿನ ಅಂಚಿನಾಗ ಒಣಗಿದಂಗ ಕಾಣೋ ಕಲ್ಲೂ ಜಾರ್ತದ, ಅಡಿ ಸವೆದ ಚಪ್ಪಲಿ ನಡೆಯಂಗಿಲ್ಲ. ಮ್ಯಾಲಿನ ಗುಡ್ಡದಾಗ ಮಳಿ ಬಿದ್ರ ಇಲ್ಲಿ ಬಿಸಿಲಿದ್ರೂ ನೀರು ಏರ್ತದ. ತಿಳಿನೀರು ಕೆಂಪಾಗಿ ಎಲಿ, ಕಡ್ಡಿ ತೇಲಿಬಂದ್ರ ತಡಾ ಮಾಡದ ದಂಡಿಗೆ ಹತ್ತಬೇಕು. ಹುಡುಗರನ್ನ ಮಡುವಿಗೆ ಇಳಿಸಂಗಿಲ್ಲ. ತಲಾ 2 ಲೀಟರ್ ನೀರು, ಹಗ್ಗ, ಗಾಯದ ಪಟ್ಟಿ ತಗೊಂಡೀವಿ. ಮಧ್ಯಾಹ್ನ 3ಕ್ಕ ವಾಪಸ್.

ಈ ವಾರ ಹೋಗಿಬಂದವರು ನೀರಿನ ಫೋಟೋ ಹಾಕ್ರಿ, ತಾರೀಖು, ಹೊತ್ತು ಬರೀರಿ. ಹಳೇ ಫೋಟೋ ನೋಡಿ ಹೋಗೋದು ಸರಿಯಲ್ಲ.