ಕೊನೇ ಸುತ್ತಿನಲ್ಲಿ ಸಿಕ್ಕ ಒಳ್ಳೆ ಆಟಗಾರನಿಗೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ,

ಒಂದು ಪದ ಬೇಕಾಗಿದೆ. ನಿಜ ಹೇಳಬೇಕಂದ್ರೆ ಮೂರು ನಾಲ್ಕು ಬೇಕು, ಆದರೆ ಜಗಳ ಹತ್ತಿರೋದು ಒಂದಕ್ಕೆ.

ಇಲ್ಲಿ ಸಾಂಟಾ ಕ್ಲಾರಾ, ಸನ್ನಿವೇಲ್ ಕಡೆಯ ಕನ್ನಡಿಗರು ಕೆಲವರು ಸೇರಿ ಫಾರ್ಟಿನೈನರ್ಸ್ ತಂಡದ ಬಗ್ಗೆ ಹರಟೆ ಹೊಡೆಯೋಕೆ ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಆ ತಂಡದ ಸ್ಟೇಡಿಯಂ ಇರೋದೇ ಸಾಂಟಾ ಕ್ಲಾರಾದಲ್ಲಿ. ಆಟ ಅಮೆರಿಕದ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ಓಡೋದು. ಪ್ರತಿ ವರ್ಷ ಏಪ್ರಿಲ್ ಕೊನೆಗೆ ಈ ಆಟದ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳು ಕಾಲೇಜು ಆಟ ಮುಗಿಸಿದ ಹುಡುಗರನ್ನು ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಅಂತಾರೆ. ಐಪಿಎಲ್ ಥರ ಹರಾಜು ಅಲ್ಲ, ಯಾರೂ ದುಡ್ಡು ಕೂಗೋದಿಲ್ಲ. ಹಿಂದಿನ ವರ್ಷ ತುಂಬಾ ಸೋತ ತಂಡಕ್ಕೆ ಮೊದಲ ಸರದಿ, ಕಪ್ ಗೆದ್ದವರಿಗೆ ಕೊನೇದು. ಹೀಗೆ 7 ಸುತ್ತು. ಗುರುವಾರ ಮೊದಲ ಸುತ್ತು, ಶುಕ್ರವಾರ ಎರಡು ಮತ್ತು ಮೂರು, ಉಳಿದ ನಾಲ್ಕೂ ಶನಿವಾರ. ಅದಕ್ಕೇ ನಮ್ಮ ಗುಂಪಿನಲ್ಲಿ ಕೊನೇ ದಿನಕ್ಕೆ ‘ಶನಿವಾರದ ಸಂತೆ’ ಅಂತ ಹೆಸರು ಬಿದ್ದಿದೆ. ಜಗಳ ಜಾಸ್ತಿ ಆಗೋದೂ ಅವತ್ತೇ, ಯಾಕಂದ್ರೆ ಮೊದಲ ಸುತ್ತಿನ ಹುಡುಗರ ಬಗ್ಗೆ ಟೀವಿಯವರೇ ಎಲ್ಲ ಹೇಳಿಬಿಟ್ಟಿರುತ್ತಾರೆ. ಆರು, ಏಳನೇ ಸುತ್ತಿನವರ ಬಗ್ಗೆ ಯಾರು ಬೇಕಾದ್ರೂ ಏನು ಬೇಕಾದ್ರೂ ಹೇಳಬಹುದು.

ಈಗ ಪದಕ್ಕೆ ಬರ್ತೀನಿ. ಕೊನೇ ಸುತ್ತುಗಳಲ್ಲಿ ಸಿಕ್ಕವನು ಮುಂದೆ ದೊಡ್ಡ ಆಟಗಾರ ಆದರೆ ಇಂಗ್ಲಿಷಿನವರು ಅವನನ್ನು ‘ಸ್ಟೀಲ್’ ಅಂತಾರೆ. ನಮ್ಮಲ್ಲೊಬ್ಬರು ಅದನ್ನು ಹಾಗೇ ತಂದು ‘ಪರ್ಡಿಯನ್ನ ಕದ್ದುಬಿಟ್ರು ಕಣ್ರೀ’ ಅಂತ ಬರೆದರು. ನನಗೆ ಒಗ್ಗಲಿಲ್ಲ. ಮನಸ್ಸು ಕದಿಯೋದೊಂದು ಬಿಟ್ಟರೆ ಕನ್ನಡದಲ್ಲಿ ಕದಿಯೋದಕ್ಕೆ ಒಳ್ಳೆ ಹೆಸರಿಲ್ಲ, ಅಲ್ವಾ? ತಂಡ ಏನೋ ಮೋಸ ಮಾಡಿದ ಹಾಗೆ ಕೇಳಿಸುತ್ತೆ.

ಬ್ರಾಕ್ ಪರ್ಡಿ ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. 2022ರ ಡ್ರಾಫ್ಟ್‌ನಲ್ಲಿ 262 ಹುಡುಗರು ಆಯ್ಕೆಯಾದರು, ಇವನು 262ನೆಯವನು. ಡಿಸೆಂಬರ್ ಹೊತ್ತಿಗೆ ಮುಂದಿದ್ದ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳಿಗೂ (ಚೆಂಡು ಎಸೆದು ಆಟ ನಡೆಸೋರು) ಗಾಯ ಆಗಿ ಇವನು ಆಡಬೇಕಾಯ್ತು. ಮೊದಲ ಸಲ ಶುರುವಿನಿಂದಲೇ ಆಡಿದ ಪಂದ್ಯದಲ್ಲಿ ಎದುರಿಗಿದ್ದವರು ಏಳು ಸಲ ಕಪ್ ಗೆದ್ದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ. ಗೆದ್ದದ್ದು 35-7. 2024ರ ಫೆಬ್ರವರಿಯಲ್ಲಿ ತಂಡವನ್ನು ಸೂಪರ್ ಬೌಲ್ ಅನ್ನೋ ಫೈನಲ್‌ವರೆಗೆ ತಂದ, ಅಲ್ಲಿ ಹೆಚ್ಚುವರಿ ಸಮಯದಲ್ಲಿ 25-22ರಿಂದ ಸೋತರು. ಮೊದಲ ಎರಡು ವರ್ಷ ಇವನ ಸಂಬಳ ವರ್ಷಕ್ಕೆ 10 ಲಕ್ಷ ಡಾಲರ್ ಕೂಡ ಇರಲಿಲ್ಲ, 2025ರಲ್ಲಿ ಆದ ಒಪ್ಪಂದ 5 ವರ್ಷಕ್ಕೆ 26.5 ಕೋಟಿ ಡಾಲರ್.

ಇಂಥವನಿಗೆ ಗುಂಪಿನಲ್ಲಿ ಬಂದ ಬೇರೆ ಮಾತುಗಳು ‘ಲಾಟರಿ ಹೊಡೀತು’ ಮತ್ತು ‘ಗಿಟ್ಟಿಸಿಕೊಂಡರು’. ತಮಾಷೆ ಏನಂದ್ರೆ, ಯಾರು ಯಾವುದನ್ನು ಬಳಸ್ತಾರೆ ಅನ್ನೋದರಲ್ಲೇ ಅವರ ಪಕ್ಷ ಗೊತ್ತಾಗುತ್ತೆ. ಗಿಟ್ಟಿಸಿಕೊಂಡರು ಅನ್ನೋರು ತಂಡದ ಆಡಳಿತಕ್ಕೆ ಶಹಬ್ಬಾಸ್‌ಗಿರಿ ಕೊಡುವವರು. ಲಾಟರಿ ಅನ್ನೋರು ಅದಕ್ಕೆ ಒಪ್ಪೋದಿಲ್ಲ. ಅಷ್ಟು ಗೊತ್ತಿದ್ದರೆ ಅದೇ ವರ್ಷ ಅವನಿಗಿಂತ ಮುಂಚೆ ಬೇರೆ ಎಂಟು ಜನರನ್ನು ಯಾಕೆ ಆರಿಸಿದರು ಅಂತ ಕೇಳ್ತಾರೆ. ನನಗೆ ಈ ಪ್ರಶ್ನೆ ಸರಿ ಅನಿಸುತ್ತೆ. 2000ದಲ್ಲಿ ಪೇಟ್ರಿಯಟ್ಸ್ ತಂಡದವರು ಕೂಡ ಬ್ರೇಡಿಯನ್ನು ತಮ್ಮ ಏಳನೇ ಆಯ್ಕೆಯಾಗಿ, 199ನೇ ಸರದಿಯಲ್ಲಿ ತಗೊಂಡಿದ್ದು. ನಂಬಿಕೆ ಗಟ್ಟಿಯಾಗಿ ಇದ್ದಿದ್ದರೆ ಯಾರೂ ಅಷ್ಟು ಹೊತ್ತು ಕಾಯ್ತಿರಲಿಲ್ಲ.

ಈ ಬ್ರೇಡಿ ವಿಷಯ ನಮ್ಮವರಿಗೆ ಇನ್ನೂ ಹುಣ್ಣು. ಸ್ಯಾನ್ ಮಟಿಯೋದಲ್ಲಿ ಹುಟ್ಟಿ ಬೆಳೆದ ಹುಡುಗ, ಚಿಕ್ಕಂದಿನಿಂದ ಫಾರ್ಟಿನೈನರ್ಸ್ ಅಭಿಮಾನಿ. ಆ ವರ್ಷ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಬೇಕಿತ್ತು, ಮೂರನೇ ಸುತ್ತಿನಲ್ಲಿ ಜಿಯೊವಾನಿ ಕಾರ್ಮಾಜಿ ಅನ್ನೋರನ್ನು ತಗೊಂಡರು. ಅವರು ಒಂದು ಲೀಗ್ ಪಂದ್ಯವನ್ನೂ ಆಡಲಿಲ್ಲ. ಇದಕ್ಕೆ ಮಾತ್ರ ನಮ್ಮಲ್ಲಿ ಚರ್ಚೆ ಇಲ್ಲ. ‘ಹಿತ್ತಲ ಗಿಡ ಮದ್ದಲ್ಲ’ ಅಂದಿದ್ದಕ್ಕೆ ಎಲ್ಲರೂ ತಲೆಯಾಡಿಸಿದರು.

ಇನ್ನೊಬ್ಬರು ‘ಎಲೆಮರೆ ಕಾಯಿ’ ಅಂತ ಸೂಚಿಸಿದರು. ಒಳ್ಳೆ ಮಾತು, ಆದರೆ ಎಲ್ಲರಿಗೂ ಹೊಂದೋದಿಲ್ಲ. 2017ರಲ್ಲಿ ಐದನೇ ಸುತ್ತಿನಲ್ಲಿ, 146ನೆಯವನಾಗಿ ಬಂದ ಜಾರ್ಜ್ ಕಿಟಲ್‌ಗೆ ಸರಿಯಾಗಿ ಕೂರುತ್ತೆ. ಅವನ ಕಾಲೇಜು ಅಯೋವಾ, ಅಲ್ಲಿ ಚೆಂಡನ್ನು ಹಿಡಿದು ಓಡೋದೇ ಹೆಚ್ಚು, ಎಸೆಯೋದು ಕಡಿಮೆ. ಹಾಗಾಗಿ ಇವನು ಹಿಡಿಯೋದನ್ನು ನೋಡಿದವರೇ ಕಡಿಮೆ. ಎರಡನೇ ವರ್ಷಕ್ಕೇ ಎಸೆದ ಚೆಂಡು ಹಿಡಿದು 1,377 ಗಜ ಗಳಿಸಿ ಆಗಿನ ಮಟ್ಟಿಗೆ ಟೈಟ್ ಎಂಡ್‌ಗಳಲ್ಲಿ (ಎದುರಾಳಿಯನ್ನು ತಡೆಯೋದೂ ಚೆಂಡು ಹಿಡಿಯೋದೂ ಎರಡೂ ಮಾಡೋರು) ದಾಖಲೆ ಮಾಡಿದ. ಪರ್ಡಿ ಹಾಗಲ್ಲ. ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಎಲ್ಲರ ಕಣ್ಣೆದುರೇ ಆಡಿದವನು. ನೋಡಿದ್ದರು, ಎತ್ತರ ಸಾಲದು, ತೋಳಲ್ಲಿ ಬಲ ಕಡಿಮೆ ಅಂತ ಬಿಟ್ಟಿದ್ದರು. ಮರೆಯಲ್ಲಿದ್ದವನಿಗೂ, ನೋಡಿಯೂ ಬೇಡ ಅನಿಸಿಕೊಂಡವನಿಗೂ ಒಂದೇ ಪದ ಸಾಲದು ಅನ್ನೋದು ನನ್ನ ವಾದ. ಎರಡನೆಯದಕ್ಕೆ ನನ್ನ ಹತ್ತಿರ ಪದ ಇಲ್ಲ. ನನ್ನ ಮುಖ್ಯ ಪ್ರಶ್ನೆ ಇದೇ.

ಉಳಿದವು ಅಷ್ಟು ಕಷ್ಟ ಇಲ್ಲ. ಕೊನೆಯ ಆಯ್ಕೆಯಾದವನಿಗೆ 1976ರಿಂದ ‘ಮಿಸ್ಟರ್ ಇರ್‍ರೆಲೆವೆಂಟ್’ ಅಂತ ಬಿರುದು ಇದೆ. ಪಾಲ್ ಸಲಾಟಾ ಅನ್ನೋ ಹಳೇ ಆಟಗಾರರು ಶುರು ಮಾಡಿದ್ದು. ಅವನನ್ನು ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ಗೆ ಕರೆಸಿ ಮೆರವಣಿಗೆ, ಪಾರ್ಟಿ ಎಲ್ಲ ಮಾಡಿ, ಚೆಂಡು ಕೈಜಾರಿ ಬೀಳ್ತಿರೋ ಆಟಗಾರನ ಪ್ರತಿಮೆ ಕೊಡ್ತಾರೆ. ಈ ಹೆಸರು ಎಷ್ಟು ಬೇಡಿಕೆಯಲ್ಲಿತ್ತು ಅಂದ್ರೆ 1979ರಲ್ಲಿ ಎರಡು ತಂಡಗಳು ಪ್ರಚಾರಕ್ಕೋಸ್ಕರ ನಾನೇ ಕೊನೆ ನಾನೇ ಕೊನೆ ಅಂತ ಸುಮ್ನೆ ಕೂತುಬಿಟ್ಟವು, ಆಮೇಲೆ ಅದಕ್ಕೊಂದು ನಿಯಮ ತರಬೇಕಾಯ್ತು. ಇದಕ್ಕೆ ನಮ್ಮ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಇದ್ದೇ ಇದೆ. ‘ಶ್ರೀಮಾನ್ ಲೆಕ್ಕಕ್ಕಿಲ್ಲ’ ಅಂತ ಇಟ್ಟಿದ್ದೇವೆ.

‘ಪಿಕ್’ ಅನ್ನೋದು ಸ್ವಲ್ಪ ತೊಂದರೆ. ಆರಿಸೋ ಹಕ್ಕಿಗೂ ಪಿಕ್, ಆರಿಸಿದ ಹುಡುಗನಿಗೂ ಪಿಕ್. ಹಕ್ಕನ್ನು ತಂಡಗಳು ಕೊಡೋದು ತಗೊಳ್ಳೋದು ಮಾಡ್ತಾವೆ. 2021ರಲ್ಲಿ ಟ್ರೇ ಲ್ಯಾನ್ಸ್‌ಗೋಸ್ಕರ ಮೂರನೇ ಸ್ಥಾನಕ್ಕೆ ಏರಲು ನಮ್ಮ ತಂಡ ಮುಂದಿನ ಎರಡು ವರ್ಷದ ಮೊದಲ ಸುತ್ತುಗಳನ್ನೂ ಬಿಟ್ಟುಕೊಟ್ಟಿತ್ತು. ಅವನ ಕಾಲು ಮುರೀತು, 2023ರಲ್ಲಿ ಡಲ್ಲಾಸ್‌ಗೆ ಕೊಟ್ಟಾಗ ಬಂದದ್ದು ಒಂದು ನಾಲ್ಕನೇ ಸುತ್ತು. ಗುರುವಾರದ ಮಾಲು ಕೊಟ್ಟು ಶನಿವಾರದ್ದು ತಂದ ಹಾಗಾಯ್ತು ಅಂತ ಗುಂಪಿನಲ್ಲಿ ತಿಂಗಳುಗಟ್ಟಲೆ ಹಾಡಿಕೊಂಡರು. ಹಕ್ಕಿಗೆ ‘ಪಾಳಿ’, ಹುಡುಗನಿಗೆ ‘ಆಯ್ಕೆ’ ಅಂದರೆ ಗೊಂದಲ ಹೋಗುತ್ತೆ ಅಂತ ನನ್ನ ಅನಿಸಿಕೆ. ನೀರಿನ ಪಾಳಿ ಅಂತೀವಲ್ಲ, ಹಾಗೆ.

ತಂಡದ ಆಟಗಾರರು ಒಪ್ಪಂದ ಮುಗಿದು ಬೇರೆ ಕಡೆ ದೊಡ್ಡ ಸಂಬಳಕ್ಕೆ ಹೋದರೆ ಲೀಗ್‌ನವರು ಮೂರರಿಂದ ಏಳನೇ ಸುತ್ತುಗಳ ಕೊನೆಯಲ್ಲಿ ಹೆಚ್ಚಿನ ಪಾಳಿ ಕೊಡ್ತಾರೆ. ಇದನ್ನು ‘ಪರಿಹಾರದ ಪಾಳಿ’ ಅಂದರೆ ನೆರೆ ಪರಿಹಾರ, ಬರ ಪರಿಹಾರ ನೆನಪಾಗುತ್ತೆ. ಮೈಸೂರಿನ ಗೆಳತಿಯೊಬ್ಬರು ‘ಕೊಸರು’ ಅಂದರು. ತರಕಾರಿ ತೂಗಿದ ಮೇಲೆ ಒಂದು ಹಿಡಿ ಜಾಸ್ತಿ ಹಾಕಿಸಿಕೊಳ್ತೀವಲ್ಲ, ಅದು. ಸಂತೆಗೂ ಹೊಂದುತ್ತೆ! ಪರ್ಡಿ ಬಂದದ್ದು ಕೊಸರಿನಲ್ಲೇ. ಲೆಕ್ಕದಲ್ಲಿ ಇದು ನಷ್ಟಕ್ಕೆ ಬದಲು ಕೊಡೋದು, ಸುಮ್ನೆ ಕೊಡೋದಲ್ಲ, ಆದ್ದರಿಂದ ಅರ್ಥ ಸ್ವಲ್ಪ ಜಾರುತ್ತೆ. ಆದರೂ ಬಳಕೆಗೆ ಬಂದುಬಿಟ್ಟಿದೆ.

ಏಳನೇ ಸುತ್ತಿನ ಆಯ್ಕೆಗೆಲ್ಲ ಒಟ್ಟಾಗಿ ‘ಬಂದ್ರೆ ಬೆಟ್ಟ ಹೋದ್ರೆ ಜುಟ್ಟ’ ಅಂತೀವಿ, ಅದರಲ್ಲಿ ತಕರಾರಿಲ್ಲ.

ಕೊನೇದಾಗಿ ‘ರೀಚ್’. ಇನ್ನೆರಡು ಸುತ್ತು ಕಾದಿದ್ದರೂ ಸಿಗ್ತಿದ್ದವನನ್ನು ಮುಂಚೆಯೇ ತಗೊಳ್ಳೋದು. 2019ರಲ್ಲಿ ನಾಲ್ಕನೇ ಸುತ್ತಿಗೇ ಪಂಟರ್ ಒಬ್ಬನನ್ನು ತಗೊಂಡಿದ್ದಕ್ಕೆ ಈ ಮಾತು ಬಂದಿತ್ತು (ಪಂಟರ್ ಅಂದ್ರೆ ಚೆಂಡನ್ನು ದೂರ ಒದೆಯೋನು, ನಮ್ಮ ಬೆಂಗಳೂರಿನ ಪಂಟರ್ ಅಲ್ಲ). ‘ಅವಸರಕ್ಕೆ ಬಿದ್ದರು’ ಅಂತ ಕ್ರಿಯಾಪದ ಸಿಗುತ್ತೆ, ಆದರೆ ಹುಡುಗನನ್ನು ಏನಂತ ಕರೆಯೋದು? ಅವಸರದ ಆಯ್ಕೆ ಅಂದರೆ ಯೋಚನೆ ಮಾಡದೇ ಆರಿಸಿದ ಹಾಗಾಗುತ್ತೆ. ಇಲ್ಲಿ ಯೋಚನೆ ಚೆನ್ನಾಗೇ ಮಾಡಿರುತ್ತಾರೆ, ಬೇರೆ ತಂಡ ಹಾರಿಸಿಕೊಂಡು ಹೋದೀತು ಅನ್ನೋ ಭಯ ಅಷ್ಟೇ. ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ಇದಕ್ಕೂ, ನೋಡಿ ಬಿಟ್ಟವನಿಗೂ ನಿಮ್ಮ ಕಡೆ ಮಾತಿದ್ದರೆ ತಿಳಿಸಿ. ಕೊಸರಿಗೆ ಬೇರೆ ಹೆಸರಿದ್ದರೆ ಅದನ್ನೂ.