ಫ್ರಿಜ್ಜಿನ ಕಷಾಯ

"ಇದು ಕೋಲ್ಡ್ ಬ್ರೂ ಕಷಾಯ ಮಾಸ್ತರೆ. ಬೆಂಗಳೂರಲ್ಲಿ ಈಗ ಎಲ್ಲಾ ಇದನ್ನೇ ಕುಡಿಯೂದು," ಎಂದು ಮಂಜ ಗಾಜಿನ ಬಾಟ್ಲಿಯನ್ನು ಜಗಲಿಯ ಮೇಲಿಟ್ಟ.

ಗಪ್ಪಣ್ಣ ಬಗ್ಗಿ ನೋಡಿದ. ಅಡಿಯಲ್ಲಿ ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಗಷ್ಟು. ಮೇಲೆ ನಾಲ್ಕು ಬೆರಳು ತಿಳಿನೀರು. "ಯಾವಾಗ ಹಾಕಿದ್ದಾ?"

"ನಿನ್ನೆ ರಾತ್ರಿ. ಫ್ರಿಜ್ಜಲ್ಲಿ 12 ತಾಸು."

"ಅಷ್ಟರಲ್ಲಿ ಜ್ವರದವ ಗುಣ ಆಗಿ ತೋಟಕ್ಕೆ ಹೋಗಿರ್ತಾನೆ," ಎಂದರು ಮಾಸ್ತರು. "ಅಲ್ಲಾ ತಮಾ, ಫ್ರಿಜ್ಜಲ್ಲಿ 5 ಡಿಗ್ರಿ. ಘಟ್ಟದ ಮೇಲಿನ ಶಿರಸಿಯಲ್ಲಿ ನೀರು 98ಕ್ಕೇ ಕುದೀತದೆ. ಎರಡರ ನಡುವೆ ನೀರಿನ ಕಣದ ವೇಗ ಎಷ್ಟು ಹೆಚ್ಚೂದು, ಹೇಳು?"

"ಹತ್ತಿರ 20 ಪಟ್ಟು," ಎಂದ ಗಪ್ಪಣ್ಣ, 98ನ್ನು 5ರಿಂದ ಭಾಗಿಸಿ.

"ನೂರಕ್ಕೆ ಬರೀ 16. ಬಿಸಿಯ ಲೆಕ್ಕ ಶುರುವಾಗೂದು ಸೊನ್ನೆಯಿಂದಲ್ಲ, ಮೈನಸ್ 273ರಿಂದ."

ಮಂಜ ಉಬ್ಬಿದ. "ಅಷ್ಟೇನಾ! ಮತ್ತೆ ಒಲೆ ಎಂತಕ್ಕೆ?"

"ತಡಿ. ಬಿಸಿಯಾದ ಹಾಗೆ ನೀರಿನ ಸ್ನಿಗ್ಧತೆ, ಅಂದ್ರೆ ಹರಿಯೂದಕ್ಕೆ ಇರೂ ತಡೆ, ಇಳೀತದೆ, ಐದರಲ್ಲಿ ಒಂದು ಪಾಲಿಗೆ. ಬಿಸಿ ಹೆಚ್ಚೂದು, ತಡೆ ಇಳಿಯೂದು ಎರಡೂ ಸೇರಿ ಸತ್ವ ಹರಡೂದು ಸುಮಾರು 7 ಪಟ್ಟು ಚುರುಕು. ಮೇಲಿಂದ ಕುದಿತ ತಾನೇ ಕದಡ್ತದೆ. 1827ರಲ್ಲಿ ಸಸ್ಯಶಾಸ್ತ್ರಜ್ಞ ಬ್ರೌನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು, ಪರಾಗದೊಳಗಿನ ಸಣ್ಣ ಕಣ ನೀರಲ್ಲಿ ಅತ್ತಿತ್ತ ಕುಣಿಯೂದು. ಮಾರಿಜಾತ್ರೆಯಲ್ಲಿ ನಮ್ಮ ಗಪ್ಪಣ್ಣನ ಹಾಗೆ. ತಾನಾಗಿ ಹೋಗೂದಲ್ಲ, ಸುತ್ತಲಿನವರು ದೂಡೂದು. ಹೀಗೆ ದೂಡೂದು ನೀರಿನ ಕಣಗಳು ಅಂತ 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಕೊಟ್ಟ."

"ಹೌದು, ತೊಟ್ಟಿಲಿಗೆ ಹೊರಟವ ಬಳೆ ಅಂಗಡಿಯಲ್ಲಿದ್ದೆ."

"ಶಾಲೆಯಲ್ಲಿ ಬಿಸಿನೀರಿಗೆ ಶಾಯಿ ಬಿಟ್ಟು ತೋರಿಸಿದ್ರಲ್ಲ?" ಮಂಜ ಮಾತು ತಿರುಗಿಸಿದ.

"ಅದರಲ್ಲಿ ಅರ್ಧ ಮೋಸ. ತಣ್ಣಗಿನ ಶಾಯಿ ಭಾರಕ್ಕೇ ಇಳೀತದೆ, ಬಿಸಿನೀರಿನ ಸುಳಿ ಅದನ್ನು ಎಳ್ಕೊಂಡು ಹೋಗ್ತದೆ. ಶಾಯಿಯನ್ನೂ ನೀರಿನಷ್ಟೇ ಬಿಸಿ ಮಾಡಿ, ನೀರು ನಿಂತ ಮೇಲೆ, ಸ್ಟ್ರಾದಲ್ಲಿ ಅಡಿಗೆ ಮೆಲ್ಲ ಬಿಡಬೇಕು. ಲೋಟಕ್ಕೆ ಮುಚ್ಚಳ ಬೇಕು. ಆಗಲೂ ಸುಳಿ ಪೂರ್ತಿ ತಪ್ಪೂದಿಲ್ಲ. ಇರ್ಲಿ, ಇದಕ್ಕೆ ಬೆಲ್ಲ ಹಾಕಿದ್ಯಾ?"

"ಹಾಕಿದ್ದೆ, ಸಿಹಿಯೇ ಇಲ್ಲ."

"ಕದಡಿದ್ಯಾ?"

"ಕದಡೂ ಹಾಂಗಿಲ್ಲ. ಸ್ಲೋ ಪ್ರಾಸೆಸ್."

"ಸ್ಲೋ ಅಂದ್ರೆ ಎಷ್ಟು ಸ್ಲೋ? ಕದಡದಿದ್ರೆ ಸಕ್ಕರೆ ಒಂದು ಸೆಂಟಿಮೀಟರು ಸರೀಲಿಕ್ಕೆ 25 ಡಿಗ್ರಿಯಲ್ಲೇ ಒಂದು ದಿನದ ಮೇಲೆ ಬೇಕು. ಫ್ರಿಜ್ಜಲ್ಲಿ ಎರಡು ದಿನ. ದೂರ ಇಮ್ಮಡಿಯಾದ್ರೆ ಸಮಯ ನಾಲ್ಕು ಪಟ್ಟು. ನಿನ್ನ ನಾಲ್ಕು ಬೆರಳಿನ ಮೇಲ್ತುದಿಗೆ ಸಿಹಿ ಮುಟ್ಟೂದ್ರೊಳಗೆ ಒಂದು ಮಳೆಗಾಲ ಮುಗೀತದೆ."

"ಹಂಗಾರೆ ಎಂತ ಮಾಡೂದು?"

"ಪುಡಿ ಸಣ್ಣ ಮಾಡು. ಕಾಳಿನ ಗಾತ್ರ ಅರ್ಧವಾದ್ರೆ ಸತ್ವ ಬಿಡೂ ಸಮಯ ಕಾಲು. ಲೋಟಕ್ಕೆ ಒಂದು ಚಮಚ, ಮೂರ್ನಾಲ್ಕು ನಿಮಿಷದ ಕುದಿ. ಹೆಚ್ಚು ಕುದಿಸಿದ್ರೆ ಪರಿಮಳ ಅಟ್ಟ ಹತ್ತತದೆ."

"ನಮ್ಮಲ್ಲಿ ಮೊದಲು ದೊಡ್ಡ ಪಾತ್ರೆಯಲ್ಲಿ ಕುದೀತಿತ್ತು," ಎಂದ ಗಪ್ಪಣ್ಣ. "ಈಗ ಎರಡೇ ಲೋಟ. ಅದಕ್ಕೆಂತ ಒಲೆ ಹಚ್ಚೂದು ಅಂತಾಳೆ ಇವಳು."

ಮಂಜ ಮೊಬೈಲು ಕಿಸೆಗಿಟ್ಟ.

"ಇವತ್ತು ನಾಲ್ಕು ಲೋಟ ಆಗ್ತದೆ. ಈ ಬಾಟ್ಲಿಯನ್ನೂ ಪಾತ್ರೆಗೇ ಸುರಿ," ಎಂದರು ಮಾಸ್ತರು. "ಬೆಲ್ಲ ಮತ್ತೆ ಹಾಕೂದು ಬೇಡ, ಎಲ್ಲಾ ಅಡಿಯಲ್ಲೇ ಉಂಟು."