ಸಹಾಯ ಬೇಕು: ಕಡಲಡಿಯ ಜ್ವಾಲಾಮುಖಿಯ ಆಳಕ್ಕೂ ಸ್ಫೋಟಕ್ಕೂ ಏನು ಸಂಬಂಧ?

ಹೈಸ್ಕೂಲ್ ಮಕ್ಕಳಿಗೆ ಟೊಂಗಾ ದೇಶದ ಹುಂಗಾ ಜ್ವಾಲಾಮುಖಿಯ ಪಾಠ ಸಿದ್ಧಪಡಿಸುತ್ತಿದ್ದೇನೆ. 2022ರ ಜನವರಿ 15ರಂದು ಅದು ಸಿಡಿದಾಗ ಬೂದಿ, ಹಬೆ ಸುಮಾರು 57 ಕಿಲೋಮೀಟರ್ ಎತ್ತರಕ್ಕೆ ಏರಿದವು. ಕಡಲಡಿಯ ಕೇಬಲ್ ತುಂಡಾಯಿತು. ಪಾಪ, ವಿದೇಶದಲ್ಲಿದ್ದ ಟೊಂಗಾದವರಿಗೆ ಮನೆಯವರ ಸುದ್ದಿಯೇ ಸಿಗಲಿಲ್ಲ. ಸುಮಾರು 150 ಮೀಟರ್ ಆಳದಲ್ಲಿದ್ದ ಕುಳಿಯ ತಳ ಈಗ ಸುಮಾರು 850 ಮೀಟರಿಗೆ ಕುಸಿದಿದೆ ಎಂದು ನ್ಯೂಜಿಲೆಂಡ್‌ನ ಸಮೀಕ್ಷೆಯಲ್ಲಿ ಓದಿದೆ. ಆಳ ಹೆಚ್ಚಿದಂತೆ ನೀರಿನ ಒತ್ತಡ ಹಬೆ ಹಿಗ್ಗುವುದನ್ನು ತಡೆಯುತ್ತದೆ ಎಂದು ಪುಸ್ತಕಗಳು ಹೇಳುತ್ತವೆ, ಅಲ್ಲಿಯವರೆಗೆ ಸರಿ. ಶಿಲಾರಸದಲ್ಲೇ ಕರಗಿರುವ ಅನಿಲಗಳ ಲೆಕ್ಕ ಮಾತ್ರ ಎಷ್ಟು ಓದಿದರೂ ಬಿಡಿಸಲಾಗುತ್ತಿಲ್ಲ. ಭೂವಿಜ್ಞಾನ ಬಲ್ಲವರು ದಯವಿಟ್ಟು ತಿಳಿಸಿ: 850 ಮೀಟರ್ ನೀರಿನ ಭಾರ ಆ ಅನಿಲಗಳನ್ನೂ ಅದುಮಿ, ಅಲ್ಲಿನ ಮುಂದಿನ ಸ್ಫೋಟವನ್ನು ತಗ್ಗಿಸಬಲ್ಲದೇ?